ತವರು ಬಿಡುವ ಹೊತ್ತು

"ಪ್ಲಗ್ ಮುಟ್ಟಬೇಡ" ಎಂದು ತಾಯಿ ಹೇಳುವಷ್ಟರಲ್ಲಿ ಮಗಳ ಕೈ ಆಗಲೇ ಗೋಡೆಯ ಸ್ವಿಚ್ಚಿನ ಮೇಲಿತ್ತು.

ನಡುಮನೆಯಲ್ಲಿ ಮಾಸ್ಟರನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಮನುಷ್ಯ. ಬಂದವರಲ್ಲಿ ಅವರಿಂದ ಬೈಸಿಕೊಳ್ಳದವರು ಯಾರೂ ಇರಲಿಲ್ಲ. ಅದನ್ನೇ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಸ್ಮಶಾನದವರು ಕೊಟ್ಟ ಸಮಯ ಮೀರಿದರೆ ಸರದಿ ಬೇರೆಯವರಿಗೆ ಹೋಗುತ್ತದೆ, ಆಮೇಲೆ ನಾಳೆಯೇ ಗತಿ ಎಂದು ವ್ಯಾನಿನ ಡ್ರೈವರು ಹೇಳಿಹೋಗಿದ್ದ. ಅವನೂ ಮಾಸ್ಟರ ಶಿಷ್ಯನೇ. ಇಂಥ ಹೊತ್ತಿನಲ್ಲಿ ಮಾಸ್ಟರ ಹೆಂಡತಿ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು.

ಪರದೆಯ ಮೇಲೆ ಹಳೆಯ ಕಾಲದ ಚಂದ್ರನೌಕೆಯ ಒಳಗು: ಲೆಕ್ಕವಿಲ್ಲದಷ್ಟು ಸ್ವಿಚ್ಚುಗಳು, ಮುಳ್ಳಿನ ಮೀಟರುಗಳು, ಒಂದು ಪುಟ್ಟ ಕಿಟಕಿ. ಕಿಟಕಿಯಲ್ಲಿ ಭೂಮಿ ದೊಡ್ಡದಾಗುತ್ತಿತ್ತು. ನಿವೃತ್ತರಾದ ಮೇಲೆ ಮಾಸ್ಟರು ಹಚ್ಚಿಕೊಂಡ ಆಟದ ಹುಚ್ಚು ಇದು. ನಿಜವಾದ ನೌಕೆಗೆ ಎಷ್ಟು ದಿನ ಹಿಡಿಯುತ್ತಿತ್ತೋ ಇದಕ್ಕೂ ಅಷ್ಟೇ ದಿನ. ನಡುವೆ ನಿಲ್ಲಿಸಿಡುವ ಸೌಕರ್ಯವಿತ್ತು, ಆದರೆ ರಸ್ತೆಯ ಮೇಲೆ ಅಂಥದ್ದೇನೂ ಇರುವುದಿಲ್ಲವೆಂದು ಹಟ ಹಿಡಿದು ಅವರೇ ಅದನ್ನು ತೆಗೆಸಿದ್ದರು. ಈಗ ಆರಿಸಿದರೆ ನೌಕೆ ಹೋದಂತೆಯೇ. ಚಂದ್ರನನ್ನು ಸುತ್ತಿ ನೌಕೆಯನ್ನು ಮನೆಯ ದಾರಿಗೆ ಹಚ್ಚಿದ ಮರುದಿನ ಅವರ ಹೃದಯ ಕೈಕೊಟ್ಟಿತು. ಆಂಬುಲೆನ್ಸಿಗೆ ಹತ್ತಿಸುವಾಗ ಹೆಂಡತಿಗೆ ಹೇಳಿದ್ದು ಇಷ್ಟೇ: "ಅವರನ್ನ ಮನೆ ಮುಟ್ಸು."

"ಅವರು ಅಂದ್ರೆ ಯಾರಮ್ಮಾ? ಅದರೊಳಗೆ ಯಾರಿದ್ದಾರೆ?" ಎಂದಳು ಮಗಳು. "ಅಪ್ಪ ಹೊರಗೆ ಮಲಗಿದ್ದಾರೆ, ನೀನಿಲ್ಲಿ ಆಟ ಆಡ್ತಾ ಕೂತಿದ್ದೀಯ. ಬಂದೋರು ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ಸ್ವಲ್ಪ ಹೊತ್ತು ಕಾಯೋಕೆ ಹೇಳು."

* * *

ಊರಿಗೆಲ್ಲ ಕಾರು ಕಲಿಸಿದವರಿಗೆ ಹೆಂಡತಿಗೆ ಮಾತ್ರ ಕಲಿಸಲಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಕೂರಿಸಿಕೊಂಡು ಹೋಗಿದ್ದರು. ಮಾರುಕಟ್ಟೆಯ ತಿರುವಿನಲ್ಲಿ ಅವರು ಕೂಗಿದ ಕೂಗಿಗೆ ಆಕೆ ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಇಳಿದು ಮನೆಗೆ ನಡೆದುಬಂದಳು. ಆಮೇಲೆ ಜೀವಮಾನವಿಡೀ ಬಸ್ಸು.

ನೌಕೆಯನ್ನು ಮಾತ್ರ ಒಟ್ಟಿಗೆ ಕಲಿತರು, ಏಕೆಂದರೆ ಅದು ಇಬ್ಬರಿಗೂ ಗೊತ್ತಿರಲಿಲ್ಲ. ನೌಕೆ ಗಿರಕಿ ಹೊಡೆಯತೊಡಗಿದರೆ ಮಾಸ್ಟರು ಮೇಜಿನಡಿಯ ನೆಲವನ್ನು ಬಲಗಾಲಿನಿಂದ ಒತ್ತುತ್ತಿದ್ದರು. ಅಲ್ಲಿ ಬ್ರೇಕಿಲ್ಲ, ಉಲ್ಟಾ ತಳ್ಳಿ ಎಂದು ಆಕೆ ನೆನಪಿಸಬೇಕಾಗುತ್ತಿತ್ತು. ನೆನಪಿಸುವುದರಲ್ಲಿ ಆಕೆಗೆ ಒಳಗೊಳಗೇ ಖುಷಿ.

ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳದೆ ಆಕೆ ತನ್ನವೇ ಹೆಸರಿಟ್ಟಳು. ಮುಟ್ಟಿದರೆ ಸಾಕು ಸಿಡಿಯುವ ಚಿಕ್ಕ ರಾಕೆಟ್ಟುಗಳು ನಾದಿನಿಯರು. ಹಿಂದೆ ಅಂಟಿಕೊಂಡ ಉದ್ದನೆಯ ಡಬ್ಬ ತವರು. ಗಾಳಿ, ನೀರು, ಕರೆಂಟು ಬರುವುದು ಅಲ್ಲಿಂದ. ಭೂಮಿಗೆ ಇಳಿಯುವ ಮುಂಚೆ ತವರನ್ನು ಕಳಚಿಬಿಡಬೇಕು. ಅದಕ್ಕೂ ಮುಂಚೆ ನೌಕೆಯೊಳಗಿನ ಬ್ಯಾಟರಿಗೆ ಬದಲಾಯಿಸಿಕೊಳ್ಳಬೇಕು. ಬ್ಯಾಟರಿಗೆ ಬುತ್ತಿ ಎಂದು ಹೆಸರಿಟ್ಟಾಗ ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಒಂದು ಸಂಜೆ ಆಕೆ ಬುತ್ತಿಯನ್ನು ಮರೆತು ತವರು ಬಿಟ್ಟಳು. ಪರದೆ ಕಪ್ಪಾಯಿತು. ಕೂಗುತ್ತಾರೆಂದು ಆಕೆ ಭುಜ ಕುಗ್ಗಿಸಿ ಕಾದಳು. ಅವರು ಕೂಗಲಿಲ್ಲ. "ಮೂರು ಜನ ಹೋದ್ರು ಕಣೇ" ಎಂದು ಮೆಲ್ಲಗೆ ಹೇಳಿ ಎದ್ದುಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ. ಅಂದಿನಿಂದ ಆಕೆಗೂ ಒಳಗೆ ಜನ ಇದ್ದಾರೆನಿಸತೊಡಗಿತು. ಆದರೂ ಕಂಪ್ಯೂಟರಿಗೆ ಜೋಡಿಸಿದ, ನೌಕೆ ತಿರುಗಿಸುವ ಹಿಡಿಕೆಯನ್ನು ಮಾತ್ರ ಮಾಸ್ಟರು ಒಮ್ಮೆಯೂ ಆಕೆಯ ಕೈಗೆ ಕೊಡಲಿಲ್ಲ.

* * *

"ಅಮ್ಮಾವ್ರೇ, ಇನ್ನು ತಡ ಮಾಡಿದ್ರೆ ಗೇಟ್ ಹಾಕಿಬಿಡ್ತಾರೆ." ಡ್ರೈವರು ಬಾಗಿಲಲ್ಲಿ ನಿಂತಿದ್ದ. ಮಗಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತಾಯಿ ತಿರುಗಿಯೂ ನೋಡದೆ ಮಗಳನ್ನು ಹತ್ತಿರ ಕರೆದಳು. ತನಗೆ ಎರಡೆರಡು ಕಡೆ ನೋಡಲಾಗುವುದಿಲ್ಲ, ಆ ಮೂಲೆಯ ಮೀಟರಿನ ಮುಳ್ಳು ಕೆಂಪಿಗೆ ಹೋದರೆ ಹೇಳು ಎಂದಳು. ಮಗಳು ಒಲ್ಲದ ಮನಸ್ಸಿನಿಂದ ಬಂದು ನಿಂತಳು. ಬೇಗ ಮುಗಿದರೆ ಸಾಕಿತ್ತು ಅವಳಿಗೆ.

"ನಾದಿನೀರು ಯಾಕೋ ಒಂದೇ ಕಡೆಗೆ ಎಳೀತಿದ್ದಾರೆ" ಎಂದು ತಾಯಿ ಗೊಣಗಿದಳು. ನಡುಮನೆಯಲ್ಲಿ ಅಳುತ್ತಿದ್ದ ಮಾಸ್ಟರ ತಂಗಿ ತಟ್ಟನೆ ಅಳು ನಿಲ್ಲಿಸಿ ಬಾಗಿಲ ಕಡೆ ದುರುಗುಟ್ಟಿ ನೋಡಿದಳು.

"ತವರು ಬಿಡ್ತೀನಿ." ಆಕೆಯ ಬೆರಳು ಪರದೆಯ ಸ್ವಿಚ್ಚೊಂದರ ಮೇಲೆ ಬಂತು. ಅಲ್ಲೇ ನಿಂತಿತು. "ಅಯ್ಯೋ, ಬುತ್ತಿ ಕಟ್ಟಿಲ್ಲ." ಬೆರಳು ಹಿಂದೆ ಸರಿದು ಬೇರೆ ಸಾಲಿನ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆತ್ತಿತು. ಆಮೇಲೆಯೇ ತವರು ಕಳಚಿತು. ನೌಕೆ ಅದುರಿತು. ದೀಪಗಳು ಆರಲಿಲ್ಲ.

ಇನ್ನುಳಿದದ್ದು ಹಿಡಿಕೆ. ಕಡಿದಾಗಿ ಇಳಿದರೆ ನೌಕೆ ಉರಿದುಹೋಗುತ್ತದೆ, ತೀರ ಮೇಲುಮೇಲೆ ಹೋದರೆ ಗಾಳಿಗೆ ಪುಟಿದು ದಿಕ್ಕು ತಪ್ಪುತ್ತದೆ. ಆಕೆಗೆ ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಇಷ್ಟು ದಿನ ಹಿಡಿಕೆ ಕೊಡದವರು, ಈಗ ಕೊಟ್ಟು, ಪಕ್ಕದಲ್ಲಿ ಕೂತು ಬೈಯುವುದಕ್ಕೂ ಇಲ್ಲದೆ ಹೋಗಿಬಿಟ್ಟಿದ್ದರು.

ಕಿಟಕಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ನೌಕೆಯ ರೇಡಿಯೊ ಸುಂಯ್ ಎಂದು ನಿಂತುಹೋಯಿತು.

"ಅಮ್ಮಾ, ಕೆಂಪು."

"ದಾಟ್ತಾ?"

"ಅಂಚಲ್ಲಿದೆ." ಮಗಳು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಳು. "ದಾಟ್ತು."

ತಾಯಿ ಹಿಡಿಕೆಯನ್ನು ಕೊಂಚ ಹೊರಳಿಸಿ, ಉಲ್ಟಾ ತಳ್ಳಿ ನಿಲ್ಲಿಸಿದಳು. ಮುಳ್ಳು ಕದಲಲಿಲ್ಲ. ಹೆಗಲು ಕೊಡಲು ಬಂದವರನ್ನು ಕರೆದುಕೊಂಡು ಡ್ರೈವರು ಮತ್ತೆ ಬಾಗಿಲಿಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ಮಗಳು, ಪರದೆಯಿಂದ ಕಣ್ಣು ಕೀಳದೆ, ಕೈ ಎತ್ತಿ ತಡೆದಳು. ಅವರೆಲ್ಲ ಹೊಸ್ತಿಲಲ್ಲೇ ನಿಂತರು.

"ಇಳೀತಿದೆ," ಎಂದಳು ಮಗಳು. "ಅಮ್ಮಾ, ಮುಳ್ಳು ಇಳೀತಿದೆ."

ಕಿಟಕಿಯ ಬೆಂಕಿ ಆರಿ ನೀಲಿ ಕಂಡಿತು. ಪ್ಯಾರಾಶೂಟುಗಳು ಬಿಚ್ಚಿಕೊಂಡವು. ಬಹಳ ಹೊತ್ತಿನ ಮೇಲೆ ನೌಕೆ ಧಪ್ಪೆಂದು ಸಮುದ್ರಕ್ಕೆ ಬಿದ್ದು, ಮುಳುಗಿ, ಮೇಲೆದ್ದು ತೇಲಿತು. ಮಗಳು ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು.

"ಈಗ ಎತ್ತಿ," ಎಂದಳು.

ನಡುಮನೆಯಲ್ಲಿ ಪೆಟ್ಟಿಗೆ ಮೇಲೆದ್ದ ಸದ್ದಾಯಿತು. ಒಳಗೆ ಮಗಳು ಮಂಡಿಯೂರಿ ಕುಳಿತು, ಹಿಡಿಕೆಯನ್ನು ಬಿಡಲೊಲ್ಲದ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.