ಬೈಗುಳಕ್ಕೊಂದು ಸೀಲು

“ಕಣ್ಣೇನು ಬಾಡಿಗೆಗೆ ಕೊಟ್ಟಿದೀಯೇನೇ ಮುಂಡೇದೆ? ಏನಿದು? ಏನಿದು ಅಂತ ಕೇಳ್ತಿದೀನಿ!”

ಸೂಪರ್‌ವೈಸರ್ ಮಾತ್ರೆಯ ಸ್ಟ್ರಿಪ್ಪನ್ನು ಅವಳ ಮೂಗಿಗೆ ತಾಗುವ ಹಾಗೆ ಹಿಡಿದಿದ್ದ. ಹತ್ತು ಗುಳಿ, ಒಂಬತ್ತು ಮಾತ್ರೆ. ಏಳನೆಯ ಗುಳಿಯಲ್ಲಿ ಏನೂ ಇರಲಿಲ್ಲ.

“ಖಾಲಿ, ಸಾರ್.”

“ಖಾಲಿ ಇರೋದು ನಿನ್ ತಲೆ! ಈ ತಿಂಗಳಲ್ಲಿ ಇದು ನಾಲ್ಕನೇದು. ಐದಾಗ್ಲಿ, ಗೇಟ್ ತೋರಿಸ್ತೀನಿ. ದರಿದ್ರ, ಅರೆಹುಚ್ಚಿ!”

ಅಷ್ಟು ಹೇಳಿ ಅವನು ಆ ಸ್ಟ್ರಿಪ್ಪನ್ನು ಮಡಚಿ ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಹಿಂದಿನ ಮೂರೂ ಅಲ್ಲಿಗೇ ಹೋಗಿದ್ದವು. ಊರಿನ ಜನರ ಬಿಪಿ ಇಳಿಸುವ ಮಾತ್ರೆ ಕಟ್ಟುವ ಕಾರ್ಖಾನೆ ಅದು. ಕಟ್ಟುವವರ ಬಿಪಿ ಏರಿಸುವ ಕೆಲಸವನ್ನು ಇವನೊಬ್ಬನೇ ನಿಭಾಯಿಸುತ್ತಿದ್ದ. ಹೆಂಗಸರು ಅವನನ್ನು ಸೈರನ್ ಎಂದು ಕರೆಯುತ್ತಿದ್ದರು. ಅವಳಿಗೆ ಗಾಳಿಪಟ ಎಂದು ಹೆಸರಿಟ್ಟವನು ಅವನೇ, ಅದನ್ನಂತೂ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ಗಾಳಿಪಟದ ಕೆಲಸ ಹೇಳುವುದಕ್ಕೆ ಸುಲಭ. ಬೆಲ್ಟಿನ ಮೇಲೆ ಸ್ಟ್ರಿಪ್ಪುಗಳು ಸಾಲಾಗಿ ಬರುತ್ತವೆ, ಕೆಳಗಿನಿಂದ ಬಿಳಿ ದೀಪ ಉರಿಯುತ್ತದೆ. ಖಾಲಿ ಗುಳಿ ಕಂಡರೆ ಎತ್ತಿ ಕೆಂಪು ಟ್ರೇಗೆ ಹಾಕಬೇಕು. ಎಂಟು ಗಂಟೆ ಅಷ್ಟೇ. ಅವಳಿಗೆ ಗಮನವಿಲ್ಲ ಎನ್ನುವುದು ಅನ್ಯಾಯದ ಮಾತು. ಗಮನ ಬೇಕಾದಷ್ಟಿತ್ತು, ಎಲ್ಲ ಕಡೆಗೂ ಹಂಚಿ ಹೋಗಿತ್ತು. ಫ್ಯಾನಿನ ಸಡಿಲವಾದ ಸ್ಕ್ರೂ ಅವಳಿಗೆ ಕೇಳಿಸುತ್ತಿತ್ತು. ಪಕ್ಕದ ಸ್ಟೂಲಿನ ದೊಡ್ಡಕ್ಕನ ಎಡಗಾಲು ಊದಿರುವುದು ದೊಡ್ಡಕ್ಕನಿಗಿಂತ ಮೊದಲು ಅವಳಿಗೆ ಕಂಡಿತ್ತು. ಕಾಣದೇ ಹೋಗುತ್ತಿದ್ದದ್ದು ಸಂಬಳ ಕೊಡಿಸುವ ಆ ಒಂದು ಗುಳಿ ಮಾತ್ರ.

ಚಿಕ್ಕಂದಿನಿಂದಲೂ ಹಾಗೆ. ಅಮ್ಮ ‘ಮರುಳಿ’ ಎಂದಳು, ಮೇಷ್ಟ್ರು ‘ನಾಲಾಯಕ್’ ಎಂದರು, ಗಂಡ ‘ನಿನ್ ಜೊತೆ ಏಗಿ ಸಾಕಾಯ್ತು’ ಎಂದು ಹೊರಟೇಹೋದ. ಹೋದ ವರ್ಷ ಒಲೆಯ ಮೇಲಿಟ್ಟದ್ದನ್ನು ಮರೆತು ಕೈ ಸುಟ್ಟುಕೊಂಡು ಧರ್ಮಾಸ್ಪತ್ರೆಗೆ ಹೋದಾಗ, ಅಲ್ಲಿನ ವಯಸ್ಸಾದ ಡಾಕ್ಟರಮ್ಮ ಕೈಗಿಂತ ಹೆಚ್ಚಾಗಿ ಅವಳ ಕಥೆ ಕೇಳಿದರು. ಇನ್ನೂ ಎರಡು ಸಲ ಬರಹೇಳಿದರು. ಕೊನೆಗೆ ಹೇಳಿದರು: “ಇದು ಸೋಮಾರಿತನ ಅಲ್ಲಮ್ಮ. ಗಮನ ನಿಲ್ಲದ ಕಾಯಿಲೆ. ಎಡಿಎಚ್‌ಡಿ ಅಂತಾರೆ. ಮಾತ್ರೆ ಇದೆ.”

ಅವಳು ಅಲ್ಲೇ ಅತ್ತುಬಿಟ್ಟಳು. ದುಃಖಕ್ಕಲ್ಲ. ಮೂವತ್ತೊಂದು ವರ್ಷದಿಂದ ತಿಂದ ಬೈಗುಳಕ್ಕೆಲ್ಲ ನಾಲ್ಕು ಇಂಗ್ಲಿಷ್ ಅಕ್ಷರಗಳ ಒಂದು ಮರ್ಯಾದಸ್ಥ ಹೆಸರು ಸಿಕ್ಕಿತಲ್ಲ ಎಂಬ ಸಂತೋಷಕ್ಕೆ.

ಡಾಕ್ಟರಮ್ಮ ಯಾರೋ ದಾನ ಕೊಟ್ಟಿದ್ದ ಮಾತ್ರೆಗಳನ್ನು ಮೂರು ತಿಂಗಳು ಕೊಟ್ಟರು. ಆ ಮೂರು ತಿಂಗಳು ಅವಳ ತಲೆಯೊಳಗೆ ಒಂದು ಸಲಕ್ಕೆ ಒಬ್ಬರೇ ಮಾತಾಡಿದರು. ಮಗಳನ್ನು ಸ್ಕೂಲಿನಿಂದ ಕರೆತರುವುದನ್ನು ಒಂದು ದಿನವೂ ಮರೆಯಲಿಲ್ಲ. ಒಂದೇ ಒಂದು ಖಾಲಿ ಗುಳಿಯೂ ತಪ್ಪಿಸಿಕೊಳ್ಳಲಿಲ್ಲ. ಕಾರ್ಖಾನೆಯವರು ‘ವರ್ಷದ ಶ್ರೇಷ್ಠ ಕಣ್ಣು’ ಎಂದು ಸರ್ಟಿಫಿಕೇಟ್ ಕೊಟ್ಟು, ಸೈರನ್ ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಸಿದರು. ಆಮೇಲೆ ದಾನ ಮುಗಿಯಿತು. ಅಂಗಡಿಯಲ್ಲಿ ಕೊಂಡರೆ ಒಂದು ತಿಂಗಳ ಮಾತ್ರೆಗೆ ಅವಳ ಹನ್ನೊಂದು ದಿನದ ಕೂಲಿ. ಡಾಕ್ಟರಮ್ಮನ ಚೀಟಿ ಹಿಡಿದು ಅವಳು ವಿಮೆ ಕಚೇರಿಗೆ ಹೋದಳು. ಕಾರ್ಖಾನೆಯವರು ಸಂಬಳದಲ್ಲಿ ಹಿಡಿದುಕೊಂಡು ಮಾಡಿಸಿದ ಕಾರ್ಡು ಅವಳ ಹತ್ತಿರವೂ ಇತ್ತು.

ಕೌಂಟರಿನ ಕನ್ನಡಕದವನು ಅವಳ ಅರ್ಜಿಯನ್ನು ಎರಡು ಸಲ ವಾಪಸ್ ಕಳಿಸಿದ್ದ. ಒಮ್ಮೆ ತಾರೀಖು ತಪ್ಪು, ಒಮ್ಮೆ ಆರನೇ ಪುಟ ಖಾಲಿ. ಗಮನ ನಿಲ್ಲದವರಿಗೆಂದೇ ಮಾಡಿದ ಹದಿನಾಲ್ಕು ಪುಟದ ಅರ್ಜಿ ಅದು. ಮೂರನೆಯ ಸಲ ಏಳು ವರ್ಷದ ಮಗಳು ಪಕ್ಕದಲ್ಲಿ ಕೂತು, ಬೆರಳಿಟ್ಟು ತೋರಿಸಿ, ಒಂದೊಂದೇ ಸಾಲು ತುಂಬಿಸಿದ್ದಳು.

“ಒಂದು ತಪ್ಪೂ ಇಲ್ಲ,” ಎಂದ ಕನ್ನಡಕದವನು, ಬೇಜಾರಿನಿಂದ. “ಹದಿನಾಲ್ಕು ಪುಟ ಇಷ್ಟು ನೀಟಾಗಿ ಬರೆಯೋರಿಗೆ ಗಮನದ ಕಾಯಿಲೆ ಅಂದ್ರೆ ಯಾರಮ್ಮಾ ನಂಬ್ತಾರೆ?”

“ಮಗಳು ಕೂತು ಬರೆಸಿದ್ಲು ಸಾರ್.”

“ಅದಿರ್ಲಿ. ನಿಮ್ ಕಂಪನಿಯೋರು ಕಳಿಸಿದ ಫೈಲಲ್ಲಿ ಇದೇನಿದೆ ನೋಡು. ಶ್ರೇಷ್ಠ ಕಣ್ಣು! ಹಾರ ಬೇರೆ ಹಾಕಿದಾರೆ.”

“ಅದು ಮಾತ್ರೆ ತಗೋತಿದ್ದಾಗ ಸಾರ್.”

“ಅಂದ್ರೆ ವಾಸಿ ಆಗಿದೆ. ವಾಸಿಯಾದ ಕಾಯಿಲೆಗೆ ಮಾತ್ರೆ ಯಾಕೆ?”

“ಮಾತ್ರೆ ನಿಲ್ಸಿದ್ಮೇಲೆ ಮತ್ತೆ ಮೊದಲಿನ ಹಾಗೇ ಆಗಿದೀನಿ ಸಾರ್.”

“ಪುರಾವೆ?” ಅವನು ಕಾರ್ಡಿನ ಹಿಂಬದಿ ತಿರುಗಿಸಿ ಇರುವೆ ಗಾತ್ರದ ಅಕ್ಷರಗಳ ಮೇಲೆ ಪೆನ್ನಿಟ್ಟ. “ಮನಸ್ಸಿನ ಕಾಯಿಲೆಗೆ ವಿಶೇಷ ಪುರಾವೆ ಬೇಕು. ಗಮನ ಇಲ್ದೆ ಕೆಲಸದಲ್ಲಿ ತಪ್ಪು ಮಾಡ್ತಾಳೆ ಅಂತ ಕೆಲಸದ ಜಾಗದಿಂದ ಕಾಗದ ತಾ. ಸೀಲ್ ಸಮೇತ. ಡಾಕ್ಟ್ರು ಹೇಳಿದ್ದು ಸಾಲಲ್ಲ, ಅವರು ನಿನ್ ಕೆಲಸ ನೋಡಿದಾರಾ?”

ಗಾಳಿಪಟಕ್ಕೆ ಸಮಾಧಾನವೇ ಆಯಿತು. ಬೇರೆ ಏನನ್ನಾದರೂ ಕೇಳಿದ್ದರೆ ಪರದಾಡಬೇಕಿತ್ತು. ತಾನು ತಪ್ಪು ಮಾಡುತ್ತೇನೆ ಎಂದು ಸಾರುವವನು ದಿನಕ್ಕೆ ನಾಲ್ಕು ಸಲ ಅವಳ ಕಿವಿಯ ಹತ್ತಿರವೇ ಕೂಗುತ್ತಿದ್ದ.

ಮಾರನೇ ದಿನ ಊಟದ ಬಿಡುವಿನಲ್ಲಿ ಅವಳು ಸೈರನ್‌ನ ಗಾಜಿನ ಕೋಣೆಗೆ ಹೋದಳು.

“ಸಾರ್, ನನ್ನನ್ನ ಬೈತೀರಲ್ಲ, ಅದನ್ನ ಒಂಚೂರು ಬರ್ದ್ಕೊಡಿ.”

“ಏನು?”

“ಗಮನ ಇಲ್ಲ, ಖಾಲಿ ಗುಳಿ ಬಿಡ್ತಾಳೆ, ಅರೆಹುಚ್ಚಿ ಅಂತ. ಸೀಲ್ ಹಾಕಿ. ಮುಂಡೆ ಅನ್ನೋದು ಬೇಡ ಸಾರ್, ಮಿಕ್ಕಿದ್ದು ಸಾಕು.”

ಸೈರನ್ ಮೊದಲ ಬಾರಿಗೆ ದನಿ ತಗ್ಗಿಸಿದ. ಎದ್ದು ಬಾಗಿಲು ಹಾಕಿದ.

“ತಲೆ ಕೆಟ್ಟಿದೆಯೇನೇ ನಿಂಗೆ?”

“ಅದನ್ನೇ ಸಾರ್, ಬರೀರಿ.”

“ಲೇ, ಬಾಯಲ್ಲಿ ಹೇಳೋದು ಬೇರೆ, ಕಾಗದ ಬೇರೆ. ಖಾಲಿ ಗುಳಿ ಕಣ್ತಪ್ಪಿ ಹೋಗ್ತಿದೆ ಅಂತ ಕಾಗದದ ಮೇಲೆ ಬಂದ್ರೆ ಆಚೆ ಹೋದ ಅಷ್ಟೂ ಮಾಲು ವಾಪಸ್ ಬರ್ಬೇಕು. ಕಾಗದದಲ್ಲಿ ಈ ಕಾರ್ಖಾನೆಯಲ್ಲಿ ತಪ್ಪು ಆಗೋದೇ ಇಲ್ಲ, ತಿಳೀತಾ?”

“ಮತ್ತೆ ಐದನೇದಕ್ಕೆ ನನ್ನ ಕಳಿಸ್ತೀನಿ ಅಂತೀರಿ?”

“ಕಳಿಸ್ತೀನಿ. ‘ಸ್ವಂತ ಕಾರಣಕ್ಕೆ ಕೆಲಸ ಬಿಟ್ಟಳು’ ಅಂತ ಬರೀತೀನಿ. ಹೋಗು, ಬೆಲ್ಟ್ ನೋಡು.”

ಅವಳು ಬಂದು ಬೆಲ್ಟು ನೋಡಿದಳು. ಸಿಟ್ಟಿನಿಂದ ಕಣ್ಣು ಮಂಜಾಗಿ ಹತ್ತು ಗುಳಿಯೂ ಒಂದೇ ಥರ ಕಾಣುತ್ತಿದ್ದವು. ಆ ವಾರ ಎರಡು ಸಲ ಮಗಳು ಸ್ಕೂಲಿನ ಆಯಾಳ ಜೊತೆ ಗೇಟಿನಲ್ಲಿ ಕಾಯುತ್ತ ಕೂತಳು. ಎರಡನೆಯ ಸಲ ಅಳಲೂ ಇಲ್ಲ. ಮನೆಗೆ ಬಂದು ಅಮ್ಮನ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ‘ನಾನು’ ಎಂದು ಬರೆದಳು. “ದಿನಾ ಬರೀತೀನಿ, ಅಳಿಸ್ಬೇಡ,” ಎಂದಳು. ಐದನೆಯ ಗುಳಿ ಯಾವ ಗಳಿಗೆಯಲ್ಲಿ ಬೇಕಾದರೂ ತಪ್ಪಿಹೋಗಬಹುದು, ಆಮೇಲೆ ಕೆಲಸವೂ ಇಲ್ಲ, ಕಾರ್ಡೂ ಇಲ್ಲ ಎಂದು ಯೋಚಿಸಿ ಗಾಳಿಪಟಕ್ಕೆ ಅನ್ನ ಇಳಿಯಲಿಲ್ಲ.

ಸೋಮವಾರ ಔಷಧ ತಪಾಸಣೆಯವರು ಬಂದರು. ವರ್ಷಕ್ಕೊಮ್ಮೆ, ಮೊದಲೇ ತಿಳಿಸಿ ಬರುತ್ತಾರೆ. ನೆಲಕ್ಕೆ ಮೂರು ಸಲ ಒರೆಸು ಬಟ್ಟೆ ಬಿದ್ದಿತ್ತು, ಹೊಸ ಗ್ಲೌಸ್ ಬಂದಿತ್ತು. ಸೈರನ್ ಎಲ್ಲರಿಗೂ ಪಾಠ ಹೇಳಿದ್ದ: “ಏನು ಕೇಳಿದ್ರೂ ‘ತೊಂದರೆ ಇಲ್ಲ ಮೇಡಂ’. ಅಷ್ಟೇ. ಗಾಳಿಪಟ, ನೀನು ಅದನ್ನೂ ಮರೀಬೇಡ.”

ತಪಾಸಣೆಯ ಮೇಡಂ ಸಾಲಿನ ಮುಂದೆ ನಿಂತು, ಸಾವಿರ ಸಲ ಹೇಳಿ ಸವೆದ ಮಾತುಗಳನ್ನು ಇನ್ನೊಮ್ಮೆ ಹೇಳಿದರು. ಗಾಳಿಪಟ ಎಸಿಯಿಂದ ತೊಟ್ಟಿಕ್ಕುವ ನೀರು ನೋಡುತ್ತಿದ್ದಳು. “...ಹೇಳೋದಿದ್ರೆ ಹೇಳಬಹುದು. ಬರ್ಕೋತೀವಿ. ಹೇಳಿಕೆ ಕೊಟ್ಟವರಿಗೆ ಸೀಲ್ ಹಾಕಿದ ಪ್ರತಿ ಕೊಡ್ತೀವಿ.”

ಸೀಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ನೆಟ್ಟಗೆ ಕೂತಳು.

ತೊಂದರೆ ಇಲ್ಲ ಮೇಡಂ. ತೊಂದರೆ ಇಲ್ಲ ಮೇಡಂ. ಸಾಲು ಅವಳವರೆಗೆ ಬಂತು. ದೊಡ್ಡಕ್ಕನೂ ತೊಂದರೆ ಇಲ್ಲ ಎಂದಳು.

“ತೊಂದರೆ ಇದೆ ಮೇಡಂ,” ಎಂದಳು ಗಾಳಿಪಟ. “ನಂಗೆ ಗಮನದ ಕಾಯಿಲೆ. ಖಾಲಿ ಗುಳಿ ಬಿಟ್ಬಿಡ್ತೀನಿ. ಬರ್ಕೊಳ್ಳಿ.”

ಗುಮಾಸ್ತ ಪೆನ್ನು ತೆಗೆದ. ಮನೆಯ ಬೀಗದ ಕೈ ಇಟ್ಟ ಜಾಗ ಮರೆಯುವವಳಿಗೆ, ಹಾಲು ಒಲೆಯ ಮೇಲಿದೆ ಎಂಬುದನ್ನು ಮರೆಯುವವಳಿಗೆ, ತಿಂದ ಬೈಗುಳ ಮಾತ್ರ ಒಂದೂ ಮರೆತಿರಲಿಲ್ಲ. ಅವಳು ಸರಾಗವಾಗಿ ಹೇಳಿದಳು: “ಮೂರನೇ ತಾರೀಖು ಬೆಳಗ್ಗೆ, ಎರಡನೇ ಗುಳಿ ಖಾಲಿ, ‘ಬೇವರ್ಸಿ’ ಅಂದ್ರು. ಒಂಬತ್ತಕ್ಕೆ ಕೊನೇ ಗುಳಿ, ‘ನಿನ್ ಜನ್ಮಕ್ಕಿಷ್ಟು’. ಹದಿನಾಲ್ಕಕ್ಕೆ ಎರಡು ಗುಳಿ, ಎರಡು ಸಲ ‘ಬೇವರ್ಸಿ’. ನಾಲ್ಕನೇದು ಏಳನೇ ಗುಳಿ, ಆವತ್ತು ಬೈದಿದ್ದು ಉದ್ದ ಇದೆ, ನಿಧಾನಕ್ಕೆ ಹೇಳ್ತೀನಿ.”

“ಮುಂಡೆ ಅನ್ನೋದೂ ಬರೀಬೇಕಾ ಮೇಡಂ?” ಗುಮಾಸ್ತ ಕೇಳಿದ.

“ಬರೀರಿ ಸಾರ್,” ಎಂದಳು ಅವಳೇ. “ಬಿಟ್ರೆ ಅರ್ಜಿ ಅಪೂರ್ಣ ಅಂತಾರೆ.”

ಸೈರನ್ ಓಡಿ ಬಂದ. “ಮೇಡಂ, ಇವ್ಳಿಗೇನೂ ಇಲ್ಲ ಮೇಡಂ! ನಮ್ ಶ್ರೇಷ್ಠ ಕಣ್ಣು ಇವ್ಳು! ಹೇಳಮ್ಮ, ನೀನು ಚೆನ್ನಾಗಿದೀಯ ಅಂತ ಹೇಳಮ್ಮ. ನನ್ ತಂಗಿ ಇದ್ದ ಹಾಗೆ ನೀನು. ಎಷ್ಟು ಬುದ್ಧಿವಂತೆ!”

“ಆ ನಾಲ್ಕು ಸ್ಟ್ರಿಪ್ ಎಲ್ಲಿವೆ?” ಮೇಡಂ ಕೇಳಿದರು.

ಗಾಳಿಪಟ ಅವನ ಪ್ಯಾಂಟಿನ ಕಡೆ ನೋಡಿದಳು. ಅವನ ಕೈ ಜೇಬಿನ ಮೇಲೆ ಹೋಯಿತು.

ಮೇಡಂ ಬೆಲ್ಟು ನಿಲ್ಲಿಸಲು ಹೇಳಿದರು. ಗೋದಾಮಿನ ಮಾಲು ಹೊರಗೆ ಹೋಗಬಾರದು, ಮುಂದಿನ ಆದೇಶದವರೆಗೆ ಯಾರಿಗೂ ಕೆಲಸವಿಲ್ಲ ಎಂದರು. ನಲವತ್ತು ಹೆಂಗಸರು ತಿರುಗಿ ಅವಳನ್ನು ನೋಡಿದರು. ದೊಡ್ಡಕ್ಕ ಊದಿದ ಕಾಲನ್ನು ಸ್ಟೂಲಿನಿಂದ ಇಳಿಸುತ್ತ, “ನಮ್ ಹೊಟ್ಟೆ ಮೇಲೂ ಹೊಡೆದ್ಯಲ್ಲೇ, ಪಾಪಿ,” ಎಂದಳು. ಸೈರನ್ ಬೈದ ಯಾವ ಮಾತೂ ಇಷ್ಟು ನೋಯಿಸಿರಲಿಲ್ಲ. ಆದರೂ ಅವಳು ಸ್ಟೂಲಿನಿಂದ ಏಳಲಿಲ್ಲ.

ಸೈರನ್ ಅವಳ ಕಿವಿಗೆ ಬಗ್ಗಿದ. “ಇವತ್ತೇ ನಿನ್ ಕೆಲಸ ಹೋಯ್ತು, ಬೋಳಿ. ಕಾರ್ಡೂ ಹೋಯ್ತು. ಏನ್ ಕಿಸ್ದೆ?”

“ಕಾರ್ಡ್ ತಿಂಗಳ ಕೊನೇವರೆಗೂ ನಡೆಯುತ್ತೆ ಸಾರ್, ಹಿಂದುಗಡೆ ಬರೆದಿದೆ. ಇನ್ನೂ ಒಂಬತ್ತು ದಿನ ಇದೆ,” ಎಂದಳು. ಆಮೇಲೆ ಗುಮಾಸ್ತನ ಕಡೆ ತಿರುಗಿದಳು. “ಈಗ ಅಂದ ಮಾತೂ ಸೇರಿಸ್ಕೊಳ್ಳಿ. ಸೀಲ್ ಸ್ವಲ್ಪ ಒತ್ತಿ ಹಾಕಿ ಸಾರ್. ಅಕ್ಷರ ಸರಿಯಾಗಿ ಬೀಳದಿದ್ರೆ ವಿಮೆ ಕಚೇರಿಯೋರು ವಾಪಸ್ ಕಳಿಸ್ತಾರೆ.”