ಹನ್ನೊಂದನೆಯ ರೀಲು

ತಾನು ಸಿನಿಮಾದಲ್ಲಿ ನಟಿಸಿದ್ದೇನೆ ಎಂಬ ತ್ರೇಸ್ಯಾಮ್ಮನ ಮಾತನ್ನು ಆ ಹಿನ್ನೀರಿನ ದ್ವೀಪದಲ್ಲಿ ನಂಬುತ್ತಿದ್ದವಳು ಅವಳೊಬ್ಬಳೇ. ಗಂಡ ಕೂಡ ನಂಬದೆಯೇ ಕಣ್ಣು ಮುಚ್ಚಿದ, ಪುಣ್ಯಾತ್ಮ.

ಹರೆಯದಲ್ಲಿ ಅವಳು ದೋಣಿ ನಡೆಸುವುದನ್ನು ಕಂಡು ಶೂಟಿಂಗಿನವರು ಆಲಪ್ಪುಳಕ್ಕೆ ಕರೆದೊಯ್ದಿದ್ದರು. ಒಂದೇ ದೃಶ್ಯ. ನೋವು ಶುರುವಾದ ಬಸುರಿಯನ್ನು ಕೂರಿಸಿಕೊಂಡ ದೋಣಿಯನ್ನು ಜಮೀನ್ದಾರ ತಡೆಯುತ್ತಾನೆ. ದೋಣಿಯವಳು ಎದ್ದು ನಿಂತು, "ದೋಣಿ ನಂದು, ಹುಟ್ಟು ನಂದು. ನೀರು ನಿಮ್ಮಪ್ಪಂದೇನು?" ಎನ್ನುತ್ತಾಳೆ. ಚಿತ್ರ ಪಟ್ಟಣದಲ್ಲಿ ಮಕಾಡೆ ಮಲಗಿ, ಕಡೆಗೆ ದ್ವೀಪದ ತೆಂಗಿನಗರಿ ಹೊದಿಸಿದ ಓಲೆ ಟಾಕೀಸಿಗೆ ಬಂತು. ತ್ರೇಸ್ಯಾಮ್ಮ ಹೊಸ ಮುಂಡು ಉಟ್ಟು ಮುಂದಿನ ಸಾಲಿನಲ್ಲೇ ಕೂತಳು. ಊರಿಗೆ ಊರೇ ನೋಡಿತು. ಪರದೆಯ ಮೇಲೆ ಅವಳು ಬರಲೇ ಇಲ್ಲ.

ಅಂದಿನಿಂದ, ಅವಳು ಎಲ್ಲರೆದುರು ಹೇಳಿಕೊಂಡಿದ್ದ ಆ ಮಾತು ಊರಿನ ಕುಚೋದ್ಯವಾಯಿತು. ಚಹಾದಂಗಡಿಯ ಕರುಣನ್ ಅವಳನ್ನು ಕಂಡಾಗಲೆಲ್ಲ ಕೇಳುತ್ತಿದ್ದ: "ಏನ್ ಚೇಚಿ, ನೀರು ಇವತ್ತು ಯಾರಪ್ಪಂದು?"

"ನಿಮ್ಮಪ್ಪಂದಂತೂ ಅಲ್ಲ. ಪಾಪ, ಅವನಿಗೆ ಈಜೂ ಬರ್ತಿರ್ಲಿಲ್ಲ."

ಬಾಯಿ ಜೋರಿತ್ತು, ನಿಜ. ಆದರೆ ಸುಳ್ಳಿ ಎನಿಸಿಕೊಂಡೇ ಮಣ್ಣಾಗಬೇಕೇ ಎಂಬ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ವರ್ಷ ಹಳೆಯ ಚಿತ್ರಗಳನ್ನು ಹುಡುಕುವ ಶಹನಾಸ್ ಎಂಬ ಹುಡುಗಿ ತಿರುವನಂತಪುರದಿಂದ ಬಂದಳು. ಮುಚ್ಚಿದ ಟಾಕೀಸಿನ ಆಪರೇಟರ್ ಪಾಪಚ್ಚನ್ ತನ್ನ ಅಟ್ಟ ತೋರಿಸಿದ. ಸೋತ ಚಿತ್ರದ ಪ್ರಿಂಟನ್ನು ವಾಪಸು ಒಯ್ಯಲು ಯಾರೂ ಬಂದಿರಲಿಲ್ಲ. ಡಬ್ಬಿ ತೆರೆದರೆ ಹುಳಿ ವಾಸನೆ. ರೀಲುಗಳೆಲ್ಲ ಅಂಟಿ ಬೆಲ್ಲದಚ್ಚಿನಂತಾಗಿದ್ದವು. ಮೂಲೆಯಲ್ಲಿದ್ದ ಒಂದು ಡಬ್ಬಿ ಮಾತ್ರ ಚೆನ್ನಾಗಿತ್ತು.

"ಇದನ್ಯಾಕೆ ಬೇರೆ ಇಟ್ರಿ?" ಎಂದಳು ಶಹನಾಸ್.

"ಅದು ಹನ್ನೊಂದನೇ ರೀಲು ಮಗಳೇ. ಪೂರ್ತಿ ಚಿತ್ರ ಓಡಿಸಿದ್ರೆ ಆಚೆ ದಡದವ್ರಿಗೆ ಕೊನೇ ಬೋಟ್ ತಪ್ಪೋದು. ಅದಕ್ಕೇ ಯಾವ ಚಿತ್ರ ಬಂದ್ರೂ ಹನ್ನೊಂದನೇದು ಬಿಟ್ಬಿಡ್ತಿದ್ದೆ. ಕಥೆ ಹೆಂಗೋ ಮುಂದೆ ಹೋಗ್ತಿತ್ತು."

"ಒಳಗೇನಿದೆ ಅಂತ ನೋಡಿದ್ರಾ?"

"ಕರ್ತನಾಣೆ, ಇಲ್ಲ."

ಶಹನಾಸ್ ಅದನ್ನು ಒಯ್ದು, ಶುಚಿ ಮಾಡಿಸಿ ತಂದಳು. ಸಂಜೆ ವಾಚನಾಲಯದ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿದರು. ತ್ರೇಸ್ಯಾಮ್ಮ ಮುಂದಿನ ಸಾಲಿನಲ್ಲೇ ಕೂತಳು. ಈ ಸಲವೂ ಬರದಿದ್ದರೆ?

ನೀರು ಕಂಡಿತು. ದೋಣಿ ಕಂಡಿತು. ದೋಣಿಯಲ್ಲಿ ಹುಟ್ಟು ಹಿಡಿದ ಹುಡುಗಿ. ಅದೇ ಮೂಗು, ಅದೇ ಗಲ್ಲದ ಮಚ್ಚೆ. ಹುಡುಗಿ ಎದ್ದು ನಿಂತು ಬಾಯಿ ತೆರೆದಾಗ, ಇಷ್ಟು ವರ್ಷ ಅಣಕಿಸಿ ಅಣಕಿಸಿ ಬಾಯಿಪಾಠವಾಗಿದ್ದ ಮಾತನ್ನು ಊರೆಲ್ಲ ಅವಳ ಜೊತೆ ಕೂಗಿ ಹೇಳಿತು. ಕರುಣನ್ ಎಲ್ಲರಿಗಿಂತ ಜೋರಾಗಿ ಕೂಗಿದ, ಕೂಗುತ್ತಲೇ ಅತ್ತ. ತ್ರೇಸ್ಯಾಮ್ಮನ ಎದೆ ಹೆಮ್ಮೆಯಿಂದ ಉಬ್ಬಿತು. ಎಂಥ ಹುಡುಗಿಯಾಗಿದ್ದೆ ನಾನು!

ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ಕೊನೆಯ ಬೋಟಿನ ಸಿಳ್ಳೆ ಕೇಳಿತು. ಆಚೆ ದಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ.

ತ್ರೇಸ್ಯಾಮ್ಮ ಕಣ್ಣೊರೆಸಿಕೊಂಡು, ಹಿಂದೆ ಪ್ರೊಜೆಕ್ಟರ್ ಬಳಿ ನಿಂತಿದ್ದ ಶಹನಾಸ್ ಕಡೆಗೆ ತಿರುಗಿದಳು.

"ಬೋಟ್ ಹೋದ್ರೆ ಹೋಗ್ಲಿ ಮಗಳೇ, ಇವರನ್ನೆಲ್ಲ ನಾನೇ ದಾಟಿಸ್ತೀನಿ. ಇನ್ನೊಂದ್ಸಲ ಹಾಕು."