ಮೋಟಾರು ಹೊದ್ದ ರಜಾಯಿ

ಗೆಂಜಿರೊ ಹದಿಮೂರನೆಯ ಸಲ ಹಗ್ಗ ಎಳೆದ. ಮೋಟಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ದೋಣಿಯ ನಡುವೆ, ಬಿಳಿ ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ, ಅದರ ಯಜಮಾನ ತಮೆಜೊ ಮಲಗಿದ್ದ.

"ನಿನ್ನ ಗೆಳೆಯ ಬದುಕಿದ್ದಾಗ್ಲೂ ಹಿಂಗೇ. ಹೊರಡಿ ಅಂದ್ರೆ ಹೊರಡೋರಲ್ಲ," ಎಂದಳು ಕಿನುಯೊ. ಗಂಡನ ಹೆಣದ ಮುಂದೆ ಆಡುವ ಮಾತೇ ಅದು? ದಡದಲ್ಲಿದ್ದವರು ತಲೆ ತಗ್ಗಿಸಿದರು. ಆದರೆ ಅವಳಿಗೆ ರೇಗಿಹೋಗಿತ್ತು. ದ್ವೀಪದಲ್ಲಿ ಸುಡುವ ಜಾಗವಿಲ್ಲ. ಆಚೆ ದಡದ ಚಿತಾಗಾರದವರು ಕೊಟ್ಟ ಹೊತ್ತು ಮಧ್ಯಾಹ್ನ ಒಂದು ಗಂಟೆ. ನಾಳೆ, ಪಂಚಾಂಗದ ಪ್ರಕಾರ ಸತ್ತವರು ಗೆಳೆಯರನ್ನೂ ಜೊತೆಗೆ ಎಳೆದೊಯ್ಯುವ ದಿನವೆಂದು, ಅದು ಮುಚ್ಚಿರುತ್ತದೆ.

"ನನ್ನ ದೋಣೀಲಿ ಒಯ್ಯೋಣ ಅತ್ತಿಗೆ. ತಡ ಆದ್ರೆ ನನ್ನೇ ಎಳ್ಕೊಂಡು ಹೋಗ್ತಾನೆ," ಎಂದ ಗೆಂಜಿರೊ.

"ತನ್ನ ಮೋಟಾರಲ್ಲೇ ಹೋಗ್ಬೇಕು ಅಂದಿದ್ರು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಎಳಿ!"

*

ಮದುವೆಯಾದ ಹೊಸತರಲ್ಲಿ ಅವಳೇ ಒಮ್ಮೆ ಸಿಡುಕಿದ್ದಳು: "ಬೆಳಬೆಳಗ್ಗೆ ನಿಮ್ಮ ಮೋಟಾರಿನ ಡಬಡಬಕ್ಕೆ ಸತ್ತೋರೂ ಎದ್ದು ಕೂರ್ತಾರೆ."

ಒಂದೇ ಸಲ ಅಂದದ್ದು. ಅಂದಿನಿಂದ ತಮೆಜೊ, ಮೀನು ಹಿಡಿಯಲು ಹೋಗದ ದಿನ ಬಂದರೆ ಸಾಕು, ದೋಣಿಯಿಂದ ಮೋಟಾರನ್ನು ಕಳಚಿ ಹೊತ್ತು ತಂದು ಹಿತ್ತಲಿನ ನೀರಿನ ಡ್ರಮ್ಮಿಗೆ ಸಿಕ್ಕಿಸುತ್ತಿದ್ದ. ಓಡಿಸಿ ಉಪ್ಪು ತೊಳೆಯುವುದು, ಗ್ರೀಸು ಹಚ್ಚುವುದು, ಆಮೇಲೆ ಮುಚ್ಚಳದ ಒಳಗೆ ಸೈಕಲ್ ಟ್ಯೂಬು, ಹಳೇ ಚಾಪೆ, ರಬ್ಬರ್ ಚಪ್ಪಲಿ ಅಂಟಿಸುವುದು.

"ಈಗ ಕೇಳುತ್ತಾ?"

"ಕೇಳಲ್ಲ ಮಾರಾಯ್ರೇ, ಊಟಕ್ಕೆ ಬನ್ನಿ."

ಕೊನೆಗೆ ನಿಜಕ್ಕೂ ಕೇಳದೆ ಹೋಯಿತು. ಆ ದ್ವೀಪದ ಹೆಂಗಸರಿಗೆಲ್ಲ ತಮ್ಮ ತಮ್ಮ ಗಂಡನ ಮೋಟಾರಿನ ದನಿ ಗೊತ್ತು. ಬಂಡೆಯ ತಿರುವಿನಲ್ಲಿ ಕೇಳಿಸಿದೊಡನೆ ಮಿಸೊ ಸಾರು ಒಲೆಗೇರಬೇಕು. ಅವನು ಹೊಸ್ತಿಲಿಗೆ ಬರುವಾಗ ಹಬೆಯಾಡಬೇಕು. ಕಿನುಯೊಗೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಗಾಳಿ ಎದ್ದ ದಿನ ಅವನು ಕಣ್ಣಿಗೆ ಬೀಳುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು. ತಾನೇ ಬೇಡವೆಂದ ಸದ್ದನ್ನು ಬೇಕು ಅನ್ನುವುದು ಹೇಗೆ? ಸಾರು ತಣ್ಣಗಿದೆಯೆಂದು ಅವನು ಒಂದು ದಿನವೂ ಅನ್ನಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು.

*

"ಉಸಿರು ಕಟ್ಟಿದೆ ಇದಕ್ಕೆ," ಎಂದು ಗೆಂಜಿರೊ ಮುಚ್ಚಳ ಎತ್ತಿದ. ಒಳಗಿನ ಮೆತ್ತೆ ಅಂಟು ಬಿಟ್ಟು ಜಾರಿ, ಗಾಳಿ ಹೋಗುವ ಬಾಯಿಯನ್ನೇ ಮುಚ್ಚಿತ್ತು. ಎಳೆದು ಹೊರಹಾಕಿದ. ಎಣ್ಣೆ ಕುಡಿದ ನೀಲಿ ಬಟ್ಟೆ. ಅದರ ಮೇಲೆ ಬಿಳಿ ಕೊಕ್ಕರೆಗಳು.

ನಾದಿನಿ ಮಿತ್ಸುಯೊ ಚೀರಿದಳು. "ಅತ್ತಿಗೆ, ನಿಮ್ಮ ಮದುವೆ ರಜಾಯಿ! ನಾನು ಕದ್ದೆ ಅಂತ ಹನ್ನೆರಡು ವರ್ಷ ಮಾತು ಬಿಟ್ರಲ್ಲ!"

ಕಿನುಯೊ ದೋಣಿಗಿಳಿದು ಪೆಟ್ಟಿಗೆಯ ಮೇಲೆ ಬಡಿದಳು. "ಅಯ್ಯೋ ನಿನ್ನ! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಎಣ್ಣೆಯಂಟಿದ ರಜಾಯಿಯನ್ನು ಎತ್ತಿ ಮಡಚಿದಳು.

"ಹೇಳೋಕೆ ನಂಗಾದ್ರೂ ಏನಾಗಿತ್ತು," ಎಂದಳು ಅವಳೇ.

"ಮೋಟಾರಿಗೆ ಮುಚ್ಚಳ ಹಾಕ್ಲಾ ಅತ್ತಿಗೆ?" ಗೆಂಜಿರೊ ಕೇಳಿದ.

"ಬೇಡ. ಹಂಗೇ ಓಡ್ಸು. ಬರೋವಾಗ್ಲೂ," ಎಂದು ಅವಳು ದಡ ಹತ್ತಿದಳು.

ಹಗ್ಗ ಎಳೆದದ್ದೇ ತಡ, ಡಬಡಬ ಸದ್ದು ಗುಡ್ಡಕ್ಕೆ ಬಡಿಯಿತು.

*

ಗಂಡನನ್ನು ಸುಡುವಲ್ಲಿಗೆ ಹೆಂಡತಿ ಹೋಗುವುದು ಅಲ್ಲಿನ ರೂಢಿಯಲ್ಲ. ಕಿನುಯೊ ಅಡುಗೆಮನೆಯಲ್ಲಿ ಕೂತಿದ್ದಳು. ಹೊತ್ತು ಇಳಿಯುತ್ತಿತ್ತು.

"ಸಾರು ಬಿಸಿ ಮಾಡ್ಲಾ?" ಮಿತ್ಸುಯೊ ಕೇಳಿದಳು.

"ಇರು."

ಬಂಡೆಯ ತಿರುವಿನಲ್ಲಿ ಡಬಡಬ ಕೇಳಿಸಿತು. ಕಿನುಯೊ ಎದ್ದು ಒಲೆ ಹಚ್ಚಿದಳು. ಗೆಂಜಿರೊ ಅಸ್ಥಿಯ ಭರಣಿ ಹಿಡಿದು ಹೊಸ್ತಿಲಿಗೆ ಬಂದಾಗ ಸಾರು ಹಬೆಯಾಡುತ್ತಿತ್ತು.